ಕೂರದ ಸೋದರಮಾವ

ಮುರಳಿಮೋಹನನಿಗೆ ಹೆಂಡತಿ ಇರಲಿಲ್ಲ. ಮೂವತ್ತನಾಲ್ಕು ತುಂಬಿದ್ದರೂ ಇರಲಿಲ್ಲ. ಅದು ಸಾಲದೆಂಬಂತೆ ಹನ್ನೆರಡು ದಿನದಿಂದ ಅವನಿಗೆ ಕೂರಲೂ ಆಗುತ್ತಿರಲಿಲ್ಲ.

ಮೊದಲನೆಯದಕ್ಕೆ ಕಾರಣ, ಅವನು ಜಂಗಮಕೋಟೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದ. ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವ ಗಂಡಿಗಿಂತ ತಿಂಗಳಿಗೊಮ್ಮೆ ಸಂಬಳ ತರುವ ಗಂಡೇ ಮೇಲು ಎಂದು ಸುತ್ತಲಿನ ನಾಲ್ಕು ತಾಲ್ಲೂಕಿನ ಹೆಣ್ಣು ಹೆತ್ತವರು ತೀರ್ಮಾನಿಸಿ ಬಹಳ ಕಾಲವಾಗಿತ್ತು. ಎರಡನೆಯದಕ್ಕೆ ಕಾರಣ ಗುದದ್ವಾರದ ಪಕ್ಕದಲ್ಲಿ ಎದ್ದ ಒಂದು ಕೀವಿನ ಬಾವು.

ಅದು ಮೊದಲ ದಿನ ಕಡಲೆಕಾಳಿನಷ್ಟಿತ್ತು. ನಾಲ್ಕನೆಯ ದಿನ ನಿಂಬೆಹಣ್ಣಾಯಿತು, ಜ್ವರವೂ ಬಂತು. ಚಿಕ್ಕಬಳ್ಳಾಪುರದ ಒಬ್ಬ ಸರ್ಜನ್ ಪ್ರಜ್ಞೆ ತಪ್ಪಿಸಿ, ಕೊಯ್ದು, ಕೀವು ತೆಗೆದು, ಗಾಯವನ್ನು ಹಾಗೇ ತೆರೆದು ಬಿಟ್ಟರು.

“ಹೊಲಿಗೆ ಹಾಕೋದು ಮರ್ತಿದೀರ ಸಾರ್,” ಎಂದ ಮುರಳಿ.

“ಮರ್ತಿಲ್ಲ ಕಣ್ರಿ. ಗಾಯ ಒಳಗಿಂದ ತುಂಬ್ಕೊಂಡು ಬರ್ಬೇಕು. ಮೇಲೆ ಹೊಲಿದ್ಬಿಟ್ರೆ ಒಳಗೆ ಮತ್ತೆ ಕೀವು ಕಟ್ಟುತ್ತೆ. ದಿನಕ್ಕೆ ಮೂರು ಸಲ ಬಿಸಿನೀರಿನ ಟಬ್ಬಲ್ಲಿ ಹತ್ತು ನಿಮಿಷ ಕೂತ್ಕೊಳ್ಳಿ. ಸೊಪ್ಪು, ಹಣ್ಣು ತಿನ್ನಿ. ಕಕ್ಕಸಲ್ಲಿ ತಿಣುಕ್ಬೇಡಿ. ಗಟ್ಟಿ ನೆಲದ ಮೇಲೆ ಕೂರ್ಬೇಡಿ, ಬೈಕ್ ಹತ್ತಬೇಡಿ. ಜ್ವರ ಬಂದ್ರೆ, ಊದಿಕೊಂಡ್ರೆ, ಅವತ್ತೇ ಬನ್ನಿ.”

“ಪೂರ್ತಿ ವಾಸಿ ಆಗುತ್ತಲ್ವಾ ಸಾರ್?”

“ಆಗುತ್ತೆ. ಆದ್ರೆ ನೂರಕ್ಕೆ ಮೂವತ್ತು ನಲವತ್ತು ಜನಕ್ಕೆ ಒಳಗಿಂದ ಹೊರಗೆ ಒಂದು ಸಣ್ಣ ದಾರಿ ಉಳ್ಕೊಂಡ್ಬಿಡುತ್ತೆ. ಫಿಸ್ಟುಲಾ ಅಂತೀವಿ. ಆರು ವಾರ ಆದ್ರೂ ಒಸರ್ತಾನೇ ಇದ್ರೆ ಅದೇ ಅಂತ ಅರ್ಥ. ಅದಕ್ಕೆ ಬೇರೆ ಆಪರೇಷನ್ನು.”

ಮುರಳಿಗೆ ಇದು ಚೆನ್ನಾಗಿ ಅರ್ಥವಾಯಿತು. ತೋಟದ ಬದುವಿನಲ್ಲಿ ಇಲಿ ಬಿಲ ತೋಡಿದರೆ ಮೇಲಿನ ಬಾಯಿ ಮುಚ್ಚಿ ಪ್ರಯೋಜನವಿಲ್ಲ, ನೀರು ಇನ್ನೊಂದು ಕಡೆ ಹೊರಡುತ್ತದೆ. ತನ್ನ ದೇಹದಲ್ಲೂ ಬದು ಇದೆ, ಅಲ್ಲೂ ಇಲಿ ಸೇರಬಹುದು ಎಂದು ಅವನಿಗೆ ತಿಳಿದಿರಲಿಲ್ಲ, ಅಷ್ಟೆ.

ಅವನ ತಾಯಿ ಶ್ಯಾಮಲಮ್ಮನಿಗೆ ಬಾವಿಗಿಂತ ಅದು ಎದ್ದ ಜಾಗದ ಚಿಂತೆ ಹೆಚ್ಚಾಯಿತು. “ಕೈಗೋ ಕಾಲಿಗೋ ಆಗಿದ್ರೆ ನಾಲ್ಕು ಜನಕ್ಕೆ ಹೇಳ್ಬೋದಾಗಿತ್ತು. ಅಲ್ಲಿ ಆಗಿದೆ ಅಂತ ಹೆಂಗಪ್ಪ ಹೇಳೋದು? ಸಂಬಂಧ ಕೂಡೋವರೆಗೂ ಬಾಯಿ ಬಿಡ್ಬೇಡ,” ಎಂದಳು. ಪಕ್ಕದ ಮನೆಯವರಿಗೆ ಮಗನಿಗೆ ಕಾಮಾಲೆ ಎಂದಳು. ಡೈರಿ ಹತ್ತಿರ ಡೆಂಗ್ಯೂ ಎಂದಳು. ಪಕ್ಕದ ಮನೆಯವರು ಕಾಮಾಲೆಗೆ ಸೊಪ್ಪಿನ ರಸ ತಂದರು. ಡೈರಿಯವರು ಡೆಂಗ್ಯೂಗೆ ಪರಂಗಿ ಎಲೆಯ ರಸ ತಂದರು. ಮುರಳಿ ಎರಡನ್ನೂ ಕುಡಿದ. ಮಲಬದ್ಧತೆ ಆಗಬಾರದು ಎಂದು ಡಾಕ್ಟರು ಹೇಳಿದ್ದ ಒಂದು ಮಾತಂತೂ ಪೂರ್ತಿ ನಡೆಯಿತು.

ಸಂಬಂಧ ಎಂದರೆ ತನುಜ. ಗೌರಿಬಿದನೂರಿನ ಹೈಸ್ಕೂಲು ಮೇಷ್ಟ್ರು ರಮೇಶ್‌ಬಾಬು ಅವರ ಮಗಳು, ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ. ಗಂಡು ರೈತನಾದರೂ ಅಡ್ಡಿಯಿಲ್ಲ ಎಂದು ಹೇಳಿದ್ದ, ಮುರಳಿಗೆ ತಿಳಿದಮಟ್ಟಿಗೆ, ಜಿಲ್ಲೆಯ ಏಕೈಕ ಹುಡುಗಿ. ಈ ಸಂಬಂಧ ಹುಡುಕಿದವಳು ತೊಂಡೇಬಾವಿಗೆ ಮದುವೆಯಾಗಿ ಹೋಗಿದ್ದ ತಂಗಿ ಶೋಭಾರಾಣಿ. ಅವಳೇ ಫೋನು ಮಾಡಿದಳು.

“ಅಣ್ಣ, ಬುಧವಾರ ನಮ್ಮ ಯಾಮಿನಿಗೆ ಕಿವಿ ಚುಚ್ಚಿಸ್ತೀವಿ. ಸೋದರಮಾವ ನೀನೇ, ನಿನ್ನ ತೊಡೆ ಮೇಲೇ ಕೂರಿಸ್ಕೊಬೇಕು. ಮೇಷ್ಟ್ರೂ ತನುಜಾನೂ ಬರ್ತಾರೆ. ಹುಡುಗಿ ನೋಡೋ ಶಾಸ್ತ್ರ ಅಂತ ಬೇರೆ ಬೇಡ, ಹಂಗೇ ನೋಡ್ದಂಗೂ ಆಗುತ್ತೆ.”

ತಂಗಿಗೂ ನಿಜ ಹೇಳುವಂತಿರಲಿಲ್ಲ. ತಂಗಿಗೆ ಹೇಳಿದರೆ ತಂಗಿಯ ಮನೆಗೆ, ಅಲ್ಲಿಂದ ಮೇಷ್ಟ್ರಿಗೆ. ಮುರಳಿ ಯೋಚಿಸಿ ಒಂದು ಉಪಾಯ ಮಾಡಿದ. ದಾರಿಯಲ್ಲಿ ನಿಂತೇ ಹೋಗುವುದು, ಅಲ್ಲೂ ನಿಂತೇ ಇರುವುದು, ಕಿವಿ ಚುಚ್ಚುವ ಐದು ನಿಮಿಷ ಮಾತ್ರ ಒಂದು ಕುಂಡೆಯ ಮೇಲೆ ಭಾರ ಹಾಕಿ ಕೂತು ಎದ್ದುಬಿಡುವುದು. ಐದು ನಿಮಿಷಕ್ಕೆ ಯಾರೂ ಸಾಯುವುದಿಲ್ಲ.

ಬುಧವಾರ ಬೆಳಿಗ್ಗೆ ಟಾಟಾ ಏಸಿನಲ್ಲಿ ಶ್ಯಾಮಲಮ್ಮ ಡ್ರೈವರಿನ ಪಕ್ಕ ಕೂತಳು. ಮುರಳಿ ಹಿಂದೆ, ಬಾಳೆಹಣ್ಣು, ಬೆಲ್ಲ, ಮಗುವಿನ ಬಟ್ಟೆಯ ತಟ್ಟೆಗಳ ನಡುವೆ ಕಂಬಿ ಹಿಡಿದು ನಿಂತ. ಮಧ್ಯಾಹ್ನದ ಸ್ನಾನ ತಪ್ಪಬಾರದೆಂದು ಶ್ಯಾಮಲಮ್ಮ ನೀಲಿ ಟಬ್ಬನ್ನೂ ಟವಲಿನಲ್ಲಿ ಸುತ್ತಿ ಇಟ್ಟಿದ್ದಳು. ಎರಡು ಗಂಟೆಯ ದಾರಿ. ಬಿಳಿ ಪಂಚೆ, ಬಿಳಿ ಶರಟಿನಲ್ಲಿ ಗಾಡಿಯ ಹಿಂದೆ ನಿಂತು ಬರುತ್ತಿದ್ದವನನ್ನು ಕಂಡು ದಾರಿಯಲ್ಲಿ ಇಬ್ಬರು, ಯಾವ ಪಾರ್ಟಿಯವನೆಂದು ತಿಳಿಯದಿದ್ದರೂ, ಕೈ ಮುಗಿದರು.

ತೊಂಡೇಬಾವಿಯಲ್ಲಿ ಇಳಿದಾಗ ಹತ್ತು ಗಂಟೆ. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಶಾಸ್ತ್ರ ಮುಗಿಯಬೇಕು. ಆದರೆ ಕಿವಿ ಚುಚ್ಚುವ ಆಚಾರಿ ಇನ್ನೊಂದು ಮನೆಯಲ್ಲಿ ಸಿಕ್ಕಿಕೊಂಡಿದ್ದ, ಹನ್ನೊಂದೂವರೆಗೆ ಬರುತ್ತೇನೆ ಎಂದಿದ್ದ. ಮುರಳಿಯ ಉಪಾಯದಲ್ಲಿ ಈ ಒಂದೂವರೆ ಗಂಟೆ ಇರಲಿಲ್ಲ.

“ಕೂಚೋ ನಾಯನಾ,” ಎಂದು ಶೋಭಾರಾಣಿಯ ಮಾವ ವೆಂಕಟರಾಮಪ್ಪ ತಾವೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು.

“ಇರ್ಲಿ ಮಾವ. ನಿಂತ್ಕೋತೀನಿ.”

“ಎರಡು ಗಂಟೆ ನಿಂತ್ಕೊಂಡು ಬಂದಿದೀಯಂತೆ. ಕೂತ್ಕೊಳಪ್ಪ.”

“ಪರವಾಗಿಲ್ಲ ಮಾವ.”

ವೆಂಕಟರಾಮಪ್ಪನವರ ಮುಖ ಸಣ್ಣದಾಯಿತು. ಆ ಕಡೆಯ ಬಂಧುಗಳಲ್ಲಿ ಶುಭಕಾರ್ಯಕ್ಕೆ ಬಂದ ಸೋದರಮಾವ ಕೂರಲಿಲ್ಲವೆಂದರೆ ಅದಕ್ಕೆ ಒಂದೇ ಅರ್ಥ. ಅವನಿಗೆ ಮುನಿಸು. ಏನೋ ಕೊರತೆಯಾಗಿದೆ, ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ, ಮನೆಯವರೇ ಕಂಡುಹಿಡಿದು ಸರಿಮಾಡಬೇಕು. ಅವನು ಕೂರದೆ ಶಾಸ್ತ್ರ ನಡೆಯುವುದಿಲ್ಲ. ಹಿಂದೆ ಇದೇ ಮನೆಯಲ್ಲಿ ಒಬ್ಬ ಸೋದರಮಾವ, ಕಾಲಿಗೆ ನೀರು ಕೊಡುವುದು ತಡವಾಯಿತೆಂದು ಹಸುವಿನ ಕೊಟ್ಟಿಗೆಯ ಮುಂದೆ ಮೂರು ಗಂಟೆ ನಿಂತಿದ್ದನಂತೆ. ಕೊನೆಗೆ ಒಂದು ಕರು ಕೊಟ್ಟು ಕೂರಿಸಿದರಂತೆ.

ಪಕ್ಕದ ಮನೆಯ ಅನಸೂಯಮ್ಮ ಈ ವಿಚಾರದಲ್ಲಿ ಅನುಭವಸ್ಥೆ. ಮುರಳಿಯ ಸುತ್ತ ಒಂದು ಸುತ್ತು ಬಂದು ನೋಡಿ ಅಡುಗೆಮನೆಗೆ ಹೋದಳು. “ಗಟ್ಟಿ ಮುನಿಸು ಕಣೇ ಶೋಭಾ. ಮುಖ ನೋಡು, ಹಲ್ಲು ಕಚ್ಕೊಂಡು ನಿಂತವ್ನೆ. ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಕ್ಕೆ ಇರ್ಬೇಕು.”

ಐದು ನಿಮಿಷದಲ್ಲಿ ಮರದ ಕುರ್ಚಿ ಬಂತು. ಮುರಳಿ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಒಳಗಿಂದ ಸೋಫಾದ ಒಂದು ತುಂಡನ್ನು ಇಬ್ಬರು ಹೊತ್ತು ತಂದರು. ಮುರಳಿ ಸೋಫಾದ ಮೆತ್ತೆಯನ್ನು ಬೆರಳಲ್ಲಿ ಒತ್ತಿ ನೋಡಿದ. ಬೆರಳು ಅರ್ಧ ಇಂಚು ಇಳಿದು ಹಲಗೆಗೆ ತಾಗಿತು. “ಬೇಡ ಬಿಡಿ,” ಎಂದ.

“ಒತ್ತಿ ನೋಡ್ತಾನೆ,” ಎಂದಳು ಅನಸೂಯಮ್ಮ. “ಬೀಗರ ಮನೆ ಸೋಫಾನ ಸಂತೇಲಿ ಕುಂಬಳಕಾಯಿ ಒತ್ತಿದಂಗೆ ಒತ್ತಿ ನೋಡ್ತಾನೆ.”

ಅಷ್ಟರಲ್ಲಿ ಮೇಷ್ಟ್ರು ರಮೇಶ್‌ಬಾಬು ಮಗಳ ಜೊತೆ ಬಂದರು. ತೆಳ್ಳಗೆ ಉದ್ದಕ್ಕಿದ್ದರು. ಅವರಿಗೂ ಕುರ್ಚಿ ಹಾಕಿದರು. ಮೇಷ್ಟ್ರು ಕುರ್ಚಿ ನೋಡಿದರು, ನಿಂತಿದ್ದ ಮುರಳಿಯನ್ನು ನೋಡಿದರು. “ಸೋದರಮಾವ ನಿಂತಿರೋವಾಗ ನಾನು ಕೂರೋದು ಚೆನ್ನಾಗಿರಲ್ಲ,” ಎಂದು ಅವನ ಪಕ್ಕದಲ್ಲೇ ಬಂದು ನಿಂತರು.

ಈಗ ನಿಂತವರು ಇಬ್ಬರಾದರು. ಪೆಂಡಾಲಿನ ಕೆಳಗೆ ಕೂತಿದ್ದ ನಾಲ್ಕು ಜನ ಗಂಡಸರು, ಇದರಲ್ಲಿ ಏನೋ ಇದೆ ಎಂದು ಎದ್ದು ನಿಂತರು.

“ಏನು ವಿಷಯ?” ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

“ಏನಿಲ್ಲ ಸಾರ್.”

“ಹೇಳ್ಬೇಡಿ, ಬಿಡಿ. ಈ ಕಾಲದಲ್ಲಿ ಒಂದು ಮಾತಿಗೆ ಅಂತ ನಿಲ್ಲೋ ಹುಡುಗ್ರೇ ಕಮ್ಮಿ. ಎಲ್ರೂ ಕುರ್ಚಿ ಕಂಡ ಕೂಡ್ಲೇ ಕೂತ್ಬಿಡ್ತಾರೆ.”

ಮುರಳಿಯ ಬೆನ್ನು ನೆಟ್ಟಗಾಯಿತು. ಎದುರಿನ ಜಗಲಿಯ ಮೇಲೆ ತನುಜ ಹೆಂಗಸರ ನಡುವೆ ಕೂತು ಇವನ ಕಡೆಗೇ ನೋಡುತ್ತಿದ್ದಳು. ಪೊರೆ ಬಿಡುವ ಮುನ್ನ ನಾಲ್ಕನೇ ಜ್ವರಕ್ಕೆ ಹೋದ ರೇಷ್ಮೆಹುಳು ಮೇವು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ನಿಲ್ಲುವಂತೆ ಅವನು ನಿಂತ. ಈ ಬಾವು ಎದ್ದಮೇಲೆ ಮೊದಲ ಸಲ ಅದರಿಂದ ಒಂದು ಉಪಕಾರವಾಗುತ್ತಿತ್ತು.

ಆಗ ಕೋಸಂಬರಿ ಬಂತು. ಶಾಸ್ತ್ರ ತಡವಾಗುತ್ತಿದ್ದುದರಿಂದ ಬಂದವರಿಗೆ ಬಾಯಾಡಿಸಲು ಹೆಸರುಬೇಳೆ ಕೋಸಂಬರಿ ಹಂಚುತ್ತಿದ್ದರು. ಬಡಿಸುವವನ ಕೈಯಲ್ಲಿದ್ದ ಪಾತ್ರೆಯನ್ನು ಮುರಳಿ ನೋಡಿದ. ಪಾತ್ರೆ ನೀಲಿಯಾಗಿತ್ತು. ಪ್ಲಾಸ್ಟಿಕ್ಕಿನದಾಗಿತ್ತು. ಒಂದು ಹಿಡಿಯ ಅಂಚು ಸೀಳಿಹೋಗಿತ್ತು. ಆ ಸೀಳನ್ನು ಅವನು ಹನ್ನೆರಡು ದಿನದಿಂದ, ದಿನಕ್ಕೆ ಮೂರು ಸಲ, ಹತ್ತತ್ತು ನಿಮಿಷ, ಬೇರೆ ನೋಡಲು ಏನೂ ಇಲ್ಲದ್ದರಿಂದ ನೋಡಿದ್ದ.

ಅವನು ತಾಯಿಯನ್ನು ಕಣ್ಣಲ್ಲೇ ಕರೆದ. ಶ್ಯಾಮಲಮ್ಮ ಬಂದಳು.

“ಅಮ್ಮ, ಅದು ನನ್ನ ಟಬ್ಬು.”

“ಗೊತ್ತು ಕಣೋ. ಸೀರುಡುಗೊರೆ ಜೊತೆ ಬಂದಿದ್ದು ಅಂತ ಅನಸೂಯಮ್ಮ ಅಡುಗೆಯೋನಿಗೆ ಕೊಟ್ಬಿಟ್ಲು. ನಾನು ನೋಡೋಷ್ಟ್ರಲ್ಲಿ ಕಲಸಾಗಿತ್ತು.”

“ಹೇಳ್ಬಾರ್ದಾ?”

“ಏನಂತ ಹೇಳ್ಲಿ? ತೊಳ್ದಿದೀನಿ, ಸುಮ್ನಿರು.”

ಬಡಿಸುವವನು ಮುರಳಿಯ ಮುಂದೆ ಬಂದ. ಮುರಳಿ ಕೈಯಿಂದ ಬೇಡವೆಂದ. ಎರಡನೇ ಸಲವೂ ಬೇಡವೆಂದ. ಅವನ ಹಿಂದೆ ನಿಂತಿದ್ದ ನಾಲ್ಕು ಗಂಡಸರು ಮಾತ್ರ ಎರಡೆರಡು ಸಲ ಹಾಕಿಸಿಕೊಂಡರು.

“ನೀರೂ ಮುಟ್ತಾ ಇಲ್ಲ,” ಎಂಬ ಸುದ್ದಿ ಒಳಗೆ ಹೋಯಿತು. ಶೋಭಾರಾಣಿ ಅಳುತ್ತ ಹೊರಗೆ ಬಂದಳು. “ಅಣ್ಣ, ನಾನೇನು ಕಮ್ಮಿ ಮಾಡ್ದೆ ಹೇಳು. ನನ್ನ ಮಗು ಕಿವಿ ಚುಚ್ಚೋ ದಿನಾನೇ ಬೇಕಾ ನಿಂಗೆ ಇದೆಲ್ಲ?”

“ನಂಗೇನೂ ಇಲ್ಲ ಶೋಭಾ.”

“ಏನೂ ಇಲ್ದಿದ್ರೆ ಕೂತ್ಕೋ.”

ಹನ್ನೊಂದೂ ಇಪ್ಪತ್ತಾಯಿತು. ವೆಂಕಟರಾಮಪ್ಪನವರು ಅರವತ್ತೆಂಟು ವರ್ಷದ ಹಿರಿಯರು, ಊರಿನಲ್ಲಿ ನಾಲ್ಕು ನ್ಯಾಯ ಹೇಳಿದವರು. ಅವರು ಮುಂದೆ ಬಂದು, ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದು, ಎಲ್ಲರ ಎದುರಿಗೆ ನಿಂತರು.

“ಮುರಳಪ್ಪ, ತಪ್ಪಾಗಿದ್ರೆ ನಮ್ದೇ ತಪ್ಪು. ಏನು ಅಂತ ಹೇಳ್ಬಿಡು. ನನ್ನ ಮೊಮ್ಮಗಳ ಮುಖ ನೋಡಿ ಹೇಳು.”

ಮೇಷ್ಟ್ರು ಪಕ್ಕದಿಂದ, “ಹೇಳಿ, ಹೆದರ್ಬೇಡಿ,” ಎಂದರು. ತನುಜ ನೋಡುತ್ತಿದ್ದಳು. ಏನೂ ಇಲ್ಲವೆಂದರೆ ಕೂರಬೇಕು. ಏನಾದರೂ ಇದೆಯೆಂದರೆ ಅದು ಏನೆಂದು ಹೇಳಬೇಕು. ಮುರಳಿಯ ಕಣ್ಣು ಕಾರಣಕ್ಕಾಗಿ ಹುಡುಕಿ ಹುಡುಕಿ, ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನ ಮೇಲೆ ನಿಂತಿತು. ಅದರಲ್ಲಿ ಯಾಮಿನಿ ಒಂದು ಕಮಲದ ಮೇಲೆ ಕೂತಿದ್ದಳು. ಸುತ್ತ ಹದಿನೇಳು ಜನ ಬಂಧುಗಳ ಮುಖಗಳಿದ್ದವು.

“ಫ್ಲೆಕ್ಸಲ್ಲಿ ನನ್ನ ಫೋಟೋ ಸಣ್ಣದು,” ಎಂದ.

ಎಲ್ಲರೂ ಹೋಗಿ ಫ್ಲೆಕ್ಸ್ ನೋಡಿದರು. ಸಣ್ಣದೇ ಇತ್ತು. ಶಾಮಿಯಾನದವನ ಫೋಟೋ ಕೂಡ ಇವನದ್ದಕ್ಕಿಂತ ದೊಡ್ಡದಿತ್ತು.

ವೆಂಕಟರಾಮಪ್ಪನವರ ಎದೆಯ ಭಾರ ಇಳಿಯಿತು. ಅವರು ಜಮೀನೋ ಕರುವೋ ಎಂದುಕೊಂಡಿದ್ದರು. “ನ್ಯಾಯವಾದ ಮಾತು,” ಎಂದು ಕೈ ಮುಗಿದು ತಪ್ಪೊಪ್ಪಿಕೊಂಡರು. ಫ್ಲೆಕ್ಸ್ ಬಿಚ್ಚಿಸಿದರು. ಅಷ್ಟಕ್ಕೇ ಬಿಡದೆ, ತಪ್ಪಿಗೆ ಸರಿಯಾದ ಮರ್ಯಾದೆಯಾಗಲಿ ಎಂದು ಶಾಮಿಯಾನದವನ ಗಾಡಿಯಿಂದ ಮದುವೆಯ ರಾಜಾ ಕುರ್ಚಿ ಇಳಿಸಿದರು. ಎರಡು ಕಡೆ ಸಿಂಹದ ತಲೆ, ಕೆಂಪು ಮಖಮಲ್ಲು. “ಈಗ ಕೂತ್ಕೋ ನಾಯನಾ. ಇನ್ನೇನು ಕೊರತೆ?”

ಇನ್ನೇನೂ ಕೊರತೆ ಇರಲಿಲ್ಲ. ಅದೇ ತೊಂದರೆಯಾಗಿತ್ತು. ಆಚಾರಿಯೂ ಬಂದು ಚಿನ್ನದ ತಂತಿ ಒರೆಸುತ್ತಿದ್ದ. ಮುರಳಿ ಎಡಗುಂಡೆಯ ಮೇಲೆ ಭಾರ ಹಾಕಿ, ಸಿಂಹದ ಕಿವಿ ಹಿಡಿದು, ನಿಧಾನವಾಗಿ ಇಳಿದ. ಸಾವಿರ ಮದುವೆಯ ಗಂಡುಗಳು ಕೂತು ಕೂತು ಆ ಮಖಮಲ್ಲಿನ ಕೆಳಗೆ ಸ್ಪಂಜು ಎಂಬುದು ಉಳಿದಿರಲಿಲ್ಲ. ಆದರೂ ಐದು ನಿಮಿಷ ಎಂದುಕೊಂಡ. ಹೆಂಗಸರು ಯಾಮಿನಿಯನ್ನು ತಂದು ತೊಡೆಯ ಮೇಲೆ ಕೂರಿಸಿದರು. ಎರಡೂವರೆ ವರ್ಷ, ಕಾಲಿಗೆ ಬೆಳ್ಳಿಯ ದಪ್ಪ ಕಡಗ.

ಆಚಾರಿ ಮೊದಲ ಕಿವಿ ಚುಚ್ಚಿದ. ಯಾಮಿನಿ ಕಿರುಚಿ, ಮಾವನ ತೊಡೆಯ ಮೇಲೆ ಎದ್ದು ನಿಂತು, ಎರಡೂ ಕಾಲು ಮಡಚಿ ಧಡ್ ಎಂದು ಕುಕ್ಕರಿಸಿದಳು. ಮುರಳಿಯ ಒಂದು ಕುಂಡೆಯ ಲೆಕ್ಕಾಚಾರ ತಪ್ಪಿತು. ಇಡೀ ದೇಹದ ಭಾರ ಹನ್ನೆರಡು ದಿನದ ಗಾಯದ ಮೇಲೆ ಬಂತು. ಅವನು ಕೂಗಿದ ಕೂಗಿಗೆ ಹೊರಗೆ ಕಟ್ಟಿದ್ದ ಹಸು ಹಗ್ಗ ಜಗ್ಗಿತು. ಯಾಮಿನಿ ತನಗಿಂತ ಜೋರಾಗಿ ಕೂಗುವವರು ಇದ್ದಾರೆಂದು ಮೊದಲ ಸಲ ಕಂಡು, ಅಳು ನಿಲ್ಲಿಸಿ, ಬಾಯಿ ತೆರೆದು ಮಾವನನ್ನೇ ನೋಡಿದಳು. ಆಚಾರಿ ಕಸುಬು ಬಲ್ಲವನು. ಆ ಸಂದಿನಲ್ಲೇ ಎರಡನೇ ಕಿವಿ ಚುಚ್ಚಿ ಮುಗಿಸಿದ.

ಮುರಳಿ ಮಗುವನ್ನು ತಂಗಿಗೆ ಕೊಟ್ಟು ಎದ್ದು ನಿಂತ.

“ಅಯ್ಯೋ ರಕ್ತ,” ಎಂದಳು ಅನಸೂಯಮ್ಮ. “ಕಿವಿಯಿಂದ ಇಷ್ಟೊಂದು ಸುರೀತಾ?”

ಶೋಭಾರಾಣಿ ಮಗಳ ಎರಡೂ ಕಿವಿ ನೋಡಿದಳು. ಒಂದು ಹನಿಯೂ ಇರಲಿಲ್ಲ. ಆಮೇಲೆ ಎಲ್ಲರೂ ಮುರಳಿಯ ಪಂಚೆಯ ಹಿಂಭಾಗ ನೋಡಿದರು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. “ರಕ್ತ ನಂದು,” ಎಂದ ಮುರಳಿ. “ಅಲ್ಲೊಂದು ಕೀವಿನ ಬಾವು ಆಗಿತ್ತು. ಕೊಯ್ಸಿದೀನಿ. ಕೂರೋಕಾಗ್ತಿರ್ಲಿಲ್ಲ, ಅದಕ್ಕೇ ನಿಂತಿದ್ದೆ. ಫ್ಲೆಕ್ಸ್ ಮೇಲೆ ನಂಗೇನೂ ಸಿಟ್ಟಿಲ್ಲ.”

ವೆಂಕಟರಾಮಪ್ಪನವರು ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. “ಅಂದ್ರೆ ನಾನು ಇಷ್ಟು ಜನದ ಮುಂದೆ ಕೈ ಮುಗಿದಿದ್ದು ನಿನ್ನ ಬಾವಿಗಾ?” ಎಂದರು.

ಶ್ಯಾಮಲಮ್ಮನಿಗೆ ಆ ಹೊತ್ತಿನಲ್ಲಿ ಮಗನ ಗಾಯ ಬಿಟ್ಟು ಬೇರೇನೂ ತೋಚಲಿಲ್ಲ. “ಮಾತು ಆಮೇಲೆ. ಬಿಸಿನೀರು ಕಾಯ್ಸಿ, ಅವನನ್ನ ಕೂರಿಸ್ಬೇಕು. ಆ ಟಬ್ಬು ಖಾಲಿ ಮಾಡ್ಕೊಡಿ,” ಎಂದಳು.

“ಯಾವ ಟಬ್ಬು?” ಎಂದು ಅಡುಗೆಯವನು ಕೇಳಿದ.

“ನೀಲೀದು. ದಿನಾ ಅದರಲ್ಲೇ ಕೂರೋದು ಅವನು.”

ಪೆಂಡಾಲಿನ ಕೆಳಗೆ ಅರವತ್ತು ಜನರಿದ್ದರು. ಎಲ್ಲರೂ ಟಬ್ಬಿನ ಕಡೆ ತಿರುಗಿದರು. ಅನಸೂಯಮ್ಮ ಕೈಯಲ್ಲಿದ್ದ ದೊನ್ನೆಯನ್ನು ನೋಡಿದಳು. ಆಮೇಲೆ ನೀರಿನ ಡ್ರಮ್ಮಿನ ಕಡೆಗೆ ಮೊದಲು ಓಡಿದವಳು ಅವಳೇ. ಅವಳ ಹಿಂದೆ ಆ ನಾಲ್ಕು ಗಂಡಸರು.

ಮುರಳಿ ಹಿತ್ತಿಲಿಗೆ ಹೋಗಿ, ಬೆನ್ನನ್ನು ಗೋಡೆಗೆ ಮಾಡಿಕೊಂಡು ನಿಂತ. ಗಾಯ ಉರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ತನುಜ ಬಂದಳು. ಕೈಯಲ್ಲಿ ಒಂದು ಸಣ್ಣ ಚೀಲವಿತ್ತು.

“ತಗೊಳ್ಳಿ. ಗಾಜ್ ಬಟ್ಟೆ ಇದೆ. ಮಡಚಿ ಒತ್ತಿ ಇಟ್ಕೊಳ್ಳಿ, ಹತ್ತಿ ಬೇಡ, ಅಂಟ್ಕೊಳ್ಳುತ್ತೆ. ಇನ್ನೂ ರಕ್ತ ಬರ್ತಾ ಇದೆಯಾ?”

“ಕಮ್ಮಿ ಆದಂಗಿದೆ.”

“ಕೀವು ವಾಸನೆ? ಜ್ವರ?”

“ಇಲ್ಲ.”

“ಇವತ್ತೇ ಆ ಸರ್ಜನ್‌ಗೆ ತೋರ್ಸಿ. ಬರೀ ಮೇಲೆ ಕಿತ್ತಿದ್ಯಾ, ಒಳಗೂ ಏನಾದ್ರೂ ಆಗಿದ್ಯಾ ನೋಡ್ತಾರೆ. ಊರಲ್ಲಿ ಯಾರೇನು ಹಚ್ಚೋಕೆ ಕೊಟ್ರೂ ಹಚ್ಬೇಡಿ. ಅಲ್ಲಿ ಒಬ್ರು ಅರಿಶಿನ ಅರೀತಾ ಇದಾರೆ, ಇನ್ನೊಬ್ರು ಸುಣ್ಣ ಅಂತಾ ಇದಾರೆ. ಎರಡೂ ಬೇಡ.”

ಬೆಳಿಗ್ಗೆಯಿಂದ ಬುದ್ಧಿಯಿರುವ ಮಾತು ಆಡಿದವಳು ಇವಳೊಬ್ಬಳೇ ಎಂದು ಮುರಳಿಗೆ ಅನಿಸಿತು. “ನಿಮಗೆ ಇದೆಲ್ಲ ಹೆಂಗೆ ಗೊತ್ತು?”

“ನಮ್ಮಪ್ಪಂಗೂ ಅದೇ. ಮೊದ್ಲು ನಿಮ್ ತರಾನೇ ಬಾವು. ನಾಚ್ಕೊಂಡು ಯಾರ್ಗೂ ಹೇಳ್ದೆ ಬಿಟ್ರು, ಫಿಸ್ಟುಲಾ ಆಯ್ತು. ನಾಲ್ಕು ವರ್ಷದಲ್ಲಿ ಮೂರು ಆಪರೇಷನ್. ಈಗ ಆ ತೂತಲ್ಲಿ ಔಷ್ಧಿ ದಾರ ಹಾಕಿದಾರೆ, ವಾರ ವಾರ ಬದಲಾಯಿಸ್ಬೇಕು. ಬೆಳಿಗ್ಗೆಯಿಂದ ನಿಮ್ ಪಕ್ಕ ಯಾಕೆ ನಿಂತಿದ್ರು ಅನ್ಕೊಂಡ್ರಿ, ನಿಮ್ ಮರ್ಯಾದೆಗಾ?”

ಮುರಳಿಯ ನೋವು ಅರ್ಧ ಇಳಿಯಿತು. ಮುಚ್ಚಿಡಬೇಕಾದ ಒಂದೇ ಮನೆ ಯಾವುದು ಎಂದುಕೊಂಡಿದ್ದನೋ, ಅದೇ ಮನೆಯಲ್ಲಿ ಮುಚ್ಚಿಡುವ ಅಗತ್ಯವೇ ಇರಲಿಲ್ಲ.

“ಹಂಗಾದ್ರೆ ನಿಮಗೆ ಇದು ಅಸಹ್ಯ ಅನ್ಸಲ್ಲ.”

“ಅಸಹ್ಯ ಏನ್ ಬಂತು? ಕಾಯಿಲೆ ಅಲ್ವಾ.”

“ನಾನು ರೈತ ಅನ್ನೋದೂ…”

“ಅದೂ ತೊಂದ್ರೆ ಇಲ್ಲ. ನೋಡೋಕೂ ಚೆನ್ನಾಗಿದೀರ. ನಿಂತಾಗ ಇನ್ನೂ ಚೆನ್ನಾಗಿದೀರ.”

“ಹಂಗಾದ್ರೆ ಅಮ್ಮಂಗೆ ಹೇಳ್ಲಾ?”

ತನುಜ ಚೀಲದ ಬಾಯಿ ಕಟ್ಟಿದಳು. “ಮುರಳಿ ಅವ್ರೇ, ನಾಲ್ಕು ವರ್ಷದಿಂದ ದಿನಕ್ಕೆ ಮೂರು ಸಲ ನೀರು ಕಾಯ್ಸಿದೀನಿ. ಟಬ್ಬು ತೊಳ್ದಿದೀನಿ, ಬಟ್ಟೆ ಬದಲಾಯಿಸಿದೀನಿ, ಸೊಪ್ಪು ತಿಂದ್ರಾ ಅಪ್ಪ, ತಿಣುಕ್ಬೇಡಿ ಅಪ್ಪ ಅಂತ ಬಾಗಿಲ ಹೊರಗಡೆ ನಿಂತಿದೀನಿ. ಮದುವೆ ಮಾತು ಎತ್ತಿದಾಗ ಅಪ್ಪಂಗೆ ಒಂದೇ ಕಂಡೀಷನ್ ಹಾಕಿದ್ದು ನಾನು. ಗಂಡಿಗೆ ಸಂಬಳ ಇಲ್ದಿದ್ರೂ ಪರವಾಗಿಲ್ಲ, ತಲೇಲಿ ಕೂದ್ಲು ಇಲ್ದಿದ್ರೂ ಪರವಾಗಿಲ್ಲ. ಇದೊಂದು ಇರ್ಬಾರ್ದು.”

“ನಂದು ವಾಸಿ ಆಗುತ್ತೆ. ನೂರಕ್ಕೆ ಅರವತ್ತು ಜನಕ್ಕೆ ಪೂರ್ತಿ ವಾಸಿ ಆಗುತ್ತಂತೆ.”

“ಆಗ್ಲಿ. ಆದ್ರೆ ಮೊದ್ಲು ಅಪ್ಪಾನೂ ಆ ಅರವತ್ತರಲ್ಲೇ ಇದ್ರು,” ಎಂದು ತನುಜ ಒಳಗೆ ಹೋದಳು.

ಸಂಜೆ ಚಿಕ್ಕಬಳ್ಳಾಪುರದಲ್ಲಿ ಸರ್ಜನ್ ಮುರಳಿಯನ್ನು ಬೋರಲು ಮಲಗಿಸಿ, ದೀಪ ಹಾಕಿ ನೋಡಿ, ಗಾಯ ಮತ್ತೆ ಬಾಯಿ ಬಿಟ್ಟಿದೆ, ಒಳಗೆ ದಾರಿ ಆಗಿದೆಯೋ ಇಲ್ಲವೋ ಈಗಲೇ ಹೇಳಲಾಗುವುದಿಲ್ಲ, ಆರು ವಾರವನ್ನು ಇವತ್ತಿನಿಂದ ಹೊಸದಾಗಿ ಎಣಿಸಿ ಎಂದರು.

ಆ ಬುಧವಾರ ಹೋದದ್ದು ಇಷ್ಟು: ಹನ್ನೆರಡು ದಿನ, ಒಂದು ಪಂಚೆ, ಒಂದು ಸಂಬಂಧ.